ಉಂಗುರ ಮುರಿಯುವ ಕಿಣ್ವ: ತೋಟದ ಮಣ್ಣಿನಲ್ಲಿ ಹುಡುಕುವುದು ಹೇಗೆ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್ ತರಗೆಲೆ, ಪಲ್ಪರ್ ಉಗುಳಿದ ಹಣ್ಣಿನ ಸಿಪ್ಪೆ ಮಣ್ಣಿಗೇ ಸೇರುತ್ತವೆ. ಎಲೆಯ ಲಿಗ್ನಿನ್, ಸಿಪ್ಪೆಯ ಕ್ಲೋರೊಜೆನಿಕ್ ಆಮ್ಲ ಎರಡರಲ್ಲೂ ಬೆಂಜೀನ್ ಉಂಗುರವಿದೆ, ಅಂದರೆ ಆರು ಇಂಗಾಲದ ಪರಮಾಣುಗಳ ಗಟ್ಟಿ ಬಳೆ. ಸುಲಭಕ್ಕೆ ಬಗ್ಗದ ಈ ಉಂಗುರವನ್ನು ಒಡೆದು ಬದುಕುವ ಬ್ಯಾಕ್ಟೀರಿಯಾಗಳೂ ಅಲ್ಲೇ ಇವೆ. ಸೂಕ್ಷ್ಮಜೀವಿ ಪ್ರಯೋಗಾಲಯವಿರುವ ಕಾಲೇಜಿನಲ್ಲಿ, ಅಧ್ಯಾಪಕರ ಎದುರಿಗೆ, ಅವುಗಳ ಕಿಣ್ವದ ಕೆಲಸವನ್ನು ಕಣ್ಣಾರೆ ನೋಡಬಹುದು.

ತರಗೆಲೆಯಡಿಯ ಹಸಿ ಮಣ್ಣು ಒಂದು ಚಮಚ ಸಾಕು. ಪಂಪ್‌ಸೆಟ್ ಪಕ್ಕ ಡೀಸೆಲ್ ಚೆಲ್ಲಿದ ಜಾಗವಿದ್ದರೆ (ಡೀಸೆಲ್‌ನಲ್ಲೂ ಇಂಥ ಉಂಗುರಗಳಿವೆ) ನಾನಂತೂ ಅದನ್ನೇ ಆರಿಸುತ್ತೇನೆ.

ಫಾಸ್ಫೇಟ್, ಅಮೋನಿಯಂ, ಮೆಗ್ನೀಸಿಯಂ ಲವಣಗಳು, ಚಿಟಿಕೆ ಕಬ್ಬಿಣ ಬೆರೆಸಿದ ನೀರಿಗೆ ಲೀಟರಿಗೆ 0.7 ಗ್ರಾಂ ಸೋಡಿಯಂ ಬೆಂಜೊಯೇಟ್ ಹಾಕಿ. ಸಕ್ಕರೆ ಬೇಡ; ಇಂಗಾಲ ಬೇಕಾದವರು ಉಂಗುರವನ್ನೇ ಒಡೆಯಲಿ. ಜ್ಯೂಸ್ ಕೆಡದಂತೆ ಹಾಕುವ ಪುಡಿ ಬ್ಯಾಕ್ಟೀರಿಯಾಗೆ ಊಟವಾಗುವುದು ಹೇಗೆ? ಅದು ಕಾವಲು ಕಾಯುವುದು ಹುಳಿಯಲ್ಲಿ. ಪಿಎಚ್ 7ರಲ್ಲಿ ಅದರ ಆಟ ನಡೆಯದು, ಹಾಗಾಗಿ ಪಿಎಚ್ ತಪ್ಪದೆ ನೋಡಿ. ದ್ರಾವಣವನ್ನು ಆಟೊಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕಾಯಿಸಿ ಸೂಕ್ಷ್ಮಜೀವಿಗಳನ್ನು ಕೊಂದು), ಆರಿದ ಮೇಲೆ ಮಣ್ಣು ಬೆರೆಸಿ, 30 ಡಿಗ್ರಿಯಲ್ಲಿ ಶೇಕರ್ ಮೇಲಿಡಿ. ಕೆಲವು ದಿನಗಳಲ್ಲಿ ನೀರು ಮಸುಕಾದರೆ ಸ್ವಲ್ಪ ತೆಗೆದು ಹೊಸ ದ್ರಾವಣಕ್ಕೆ ಹಾಕಿ. ಹೀಗೆ ಎರಡು ಮೂರು ಸಲ ಮಾಡಿ, ಬಳಿಕ ಅದೇ ಲವಣ, ಬೆಂಜೊಯೇಟ್ ಇರುವ ಅಗರ್ ತಟ್ಟೆಗೆ ಗೀರಿ.

ಕೋಲನಿಗಳು (ಬ್ಯಾಕ್ಟೀರಿಯಾ ಗುಂಪಿನ ಚುಕ್ಕೆಗಳು) ಎದ್ದ ಮೇಲೆ ಪ್ರತಿಯೊಂದರ ನಕಲು ಬೇರೆ ತಟ್ಟೆಯಲ್ಲಿರಲಿ, ಏಕೆಂದರೆ ಮುಂದೆ ಸಿಂಪಡಿಸುವ ಕ್ಯಾಟೆಕಾಲ್ (ಬೆಂಜೊಯೇಟ್ ಒಡೆಯುವ ದಾರಿಯಲ್ಲಿ ಹುಟ್ಟುವ, ಉಂಗುರವಿನ್ನೂ ಮುರಿಯದ ಸಂಯುಕ್ತ) ಅವಕ್ಕೂ ವಿಷ, ನಿಮಗೂ ವಿಷ. ಹುಟ್ಟಾ ಹಳದಿ ಇರುವವನ್ನು ಮೊದಲೇ ಗುರುತು ಹಾಕಿ. 100 ಮಿ.ಲೀ. ನೀರಿಗೆ 1.1 ಗ್ರಾಂ ಕ್ಯಾಟೆಕಾಲ್ ಆಗಷ್ಟೇ ಕರಗಿಸಿ (ಇಟ್ಟರೆ ಕಂದಾಗುತ್ತದೆ), ಗ್ಲೌಸ್, ಕನ್ನಡಕ ಹಾಕಿಕೊಂಡು ಫ್ಯೂಮ್ ಹುಡ್‌ನೊಳಗೆ ತೆಳುವಾಗಿ ಸಿಂಪಡಿಸಿ. ಕೆಲವೇ ನಿಮಿಷಗಳಲ್ಲಿ ಕೋಲನಿ ನಿಂಬೆ ಹಳದಿಗೆ ತಿರುಗಿದರೆ ಅಲ್ಲಿರುವುದು ಕ್ಯಾಟೆಕಾಲ್ 2,3-ಡೈಆಕ್ಸಿಜನೇಸ್ ಎಂಬ ಕಿಣ್ವ. ಅದು ಗಾಳಿಯ ಆಮ್ಲಜನಕ ಸೇರಿಸಿ ಕ್ಯಾಟೆಕಾಲ್‌ನ ಉಂಗುರವನ್ನು ಕತ್ತರಿಸಿದೆ. ಹಳದಿ ಬಂದದ್ದು ಹಾಗೆ ಬಿಚ್ಚಿಕೊಂಡ ಸಂಯುಕ್ತದಿಂದ. ಅನುಮಾನವೇ? ಒಂದು ಹನಿ ದುರ್ಬಲ ಆಮ್ಲಕ್ಕೆ ಬಣ್ಣ ಮಾಯವಾಗಬೇಕು, ಕ್ಷಾರಕ್ಕೆ ಮರಳಬೇಕು.

ಎಲ್ಲ ಕೋಲನಿಗಳೂ ಬೆಳ್ಳಗೇ ಉಳಿದರೆ ಮಣ್ಣನ್ನು ಬೈಯಬೇಡಿ. ಬೆಂಜೊಯೇಟ್ ಉಣ್ಣುವ ಎಷ್ಟೋ ಬ್ಯಾಕ್ಟೀರಿಯಾಗಳು 1,2-ಡೈಆಕ್ಸಿಜನೇಸ್‌ನಿಂದ ಇನ್ನೊಂದು ಕಡೆ ಕತ್ತರಿಸುತ್ತವೆ. ಆಗ ಹುಟ್ಟುವ ಮ್ಯುಕೋನಿಕ್ ಆಮ್ಲಕ್ಕೆ ಬಣ್ಣವಿಲ್ಲ. ಇನ್ನೊಂದು ಕಿತಾಪತಿಯೂ ಇದೆ: ಸ್ಯೂಡೊಮೊನಾಸ್ ಪ್ಯುಟಿಡಾ ಎಂಬ ಮಣ್ಣಿನ ಬ್ಯಾಕ್ಟೀರಿಯಾದ ಒಂದು ತಳಿಯಲ್ಲಿ 2,3 ಕಿಣ್ವದ ಜೀನ್ ಇರುವುದು ಟಾಲ್ ಎಂಬ ಪ್ಲಾಸ್ಮಿಡ್‌ನಲ್ಲಿ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಚಿಕ್ಕ ಡಿಎನ್‌ಎ ಬಳೆ). ಬೆಂಜೊಯೇಟ್ ಮೇಲೇ ಬೆಳೆಸುತ್ತ ಹೋದರೆ ಆ ಪ್ಲಾಸ್ಮಿಡ್ ಕಳೆದುಕೊಂಡವುಗಳೇ ಮೇಲುಗೈ ಸಾಧಿಸುತ್ತವೆ. ಹಾಗಾಗಿ ಹೊಸ ದ್ರಾವಣಕ್ಕೆ ವರ್ಗಾವಣೆ ಅತಿಯಾಗದಿರಲಿ. ಮೆಟಾ-ಟಾಲ್ಯುಏಟ್ (ಬೆಂಜೊಯೇಟ್‌ನ ಹತ್ತಿರದ ನಂಟ; ಆ ಪ್ಲಾಸ್ಮಿಡ್ ಕಳೆದುಕೊಂಡವು ಅದರ ಮೇಲೆ ಬೆಳೆಯಲಾರವು) ಸಿಕ್ಕರೆ ಅದರ ಮೇಲೂ ಒಮ್ಮೆ ಬೆಳೆಸಿ.

ಕೆಲಸ ಮುಗಿದ ಕೋಲನಿ ತಟ್ಟೆ, ಫ್ಲಾಸ್ಕ್ ಎಲ್ಲವನ್ನೂ 121 ಡಿಗ್ರಿಯಲ್ಲಿ ಆಟೊಕ್ಲೇವ್ ಮಾಡಿಯೇ ಎಸೆಯಿರಿ. ಉಳಿದ ಕ್ಯಾಟೆಕಾಲ್ ಸಿಂಕಿಗಲ್ಲ, ರಾಸಾಯನಿಕ ತ್ಯಾಜ್ಯದ ಬಾಟಲಿಗೆ.