ಹಸಿರು ಬದುಕು ಸರಿ, ಕೆಲಸ ಯಾರ ತಲೆಗೆ?

ವಿಜಯಪುರದಲ್ಲಿ ನಮ್ಮದು ಐದು ಮಂದಿಯ ಮನೆ. ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ನಾನು ಶಾಲೆಯಲ್ಲಿ ಕಲಿಸುತ್ತೇನೆ, ನಮ್ಮನೆಯವರದು ಆಫೀಸಿನ ಕೆಲಸ. ಕೆಲವು ವರ್ಷಗಳಿಂದ ನೀರು, ಕರೆಂಟು, ಗ್ಯಾಸು, ಕಸ ಎಲ್ಲದರಲ್ಲೂ ಸ್ವಲ್ಪ ಹಿಡಿತ ಇಟ್ಟುಕೊಂಡು ಬದುಕುತ್ತಿದ್ದೇವೆ. ಏನು ಮಾಡಿದ್ರಿ, ಏನು ಬಿಟ್ರಿ ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಅದಕ್ಕೇ ಇಷ್ಟು ಬರೆದಿದ್ದೇನೆ.

ಪರಿಸರ ಉಳಿಸುವ ಸಲಹೆಗಳನ್ನು ಓದಿದಾಗ ನನಗೆ ಮೊದಲು ಕಾಣುವುದು ಒಂದೇ. ಅರ್ಧಕ್ಕರ್ಧ ಸಲಹೆಗಳು ಮನೆಯ ಹೆಂಗಸಿನ ಕೆಲಸ ಹೆಚ್ಚಿಸುವಂಥವು. ಅಂಟವಾಳ ಕುದಿಸಿ ಬಟ್ಟೆ ಒಗೆಯಿರಿ, ಹಪ್ಪಳ ಸಂಡಿಗೆ ಮನೆಯಲ್ಲೇ ಮಾಡಿರಿ, ಚೀಲ ಹೊಲಿಯಿರಿ. ಮಾಡೋರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು ಶಾಲೆಗೆ ಓಡುವವಳು ಇನ್ನೇನು ಮಾಡಬೇಕು ಅಂತೀರಿ? ಹಾಗಾಗಿ ಹೊಸದೇನೇ ಶುರುಮಾಡುವ ಮುಂಚೆ ನಮ್ಮಲ್ಲಿ ಒಂದು ಪ್ರಶ್ನೆ ಬರುತ್ತದೆ: ಇದನ್ನು ದಿನಾ ಮಾಡೋರು ಯಾರು? ಒಬ್ಬರಾದರೂ "ನಾ ಮಾಡ್ತೀನಿ" ಅನ್ನಬೇಕು. ಇಲ್ಲಾಂದ್ರೆ ಆ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಮ್ಮೂರಲ್ಲಿ ಶುರು ಮಾಡಬೇಕಾದದ್ದು ನೀರಿನಿಂದಲೇ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಅಕ್ಟೋಬರ್ ಒಳಗೆ. ಆದಿಲ್‌ಶಾಹಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಊರ ತುಂಬ ಬಾವಡಿ, ಅಂದರೆ ಮೆಟ್ಟಿಲು ಬಾವಿ, ಕಟ್ಟಿಸಿದರು. 1651ರಲ್ಲಿ ಬೇಗಂ ತಾಲಾಬ್ ಅನ್ನುವ ಕೆರೆ ಆಯಿತು. ಅಲ್ಲಿಂದ ಮಣ್ಣಿನ ಕೊಳವೆಯಲ್ಲಿ ನೀರು ಊರೊಳಗೆ ಬರುತ್ತಿತ್ತು. ದಾರಿಯಲ್ಲಿ ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗೋಪುರಗಳೇ ಗಂಜ್. ಅವು ಈಗಲೂ ಅಲ್ಲಲ್ಲಿ ನಿಂತಿವೆ. ನಾವು ಮಾತ್ರ ನಳ ಬಂದ ದಿನ ಅಂಗಳ ತೊಳೆದು, ಬರದ ದಿನ ಟ್ಯಾಂಕರಿನವರಿಗೆ ಫೋನ್ ಮಾಡುವವರು.

ಮನೆಯಲ್ಲಿ ನೀರು ಎಲ್ಲೆಲ್ಲಿ ಹೋಗುತ್ತದೆ ಅಂತ ನೋಡಿದಾಗ ಮೊದಲು ಸಿಕ್ಕಿಬಿದ್ದದ್ದು ಆರ್‌ಒ ಮಿಷನ್. ಬೋರಿನ ನೀರು ಗಡಸು, ಆರ್‌ಒ ಬೇಕೇ ಬೇಕು. ಆದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ. ಅತ್ತೆ ಅದನ್ನು ನೋಡಿ, "ಒಂದು ತಂಬಗಿ ಕೊಟ್ಟು ಎರಡು ತಂಬಗಿ ಚೆಲ್ಲತದಲ್ಲವಾ, ಎಂಥಾ ಮಿಷನ್ ತಂದೀರಿ!" ಅಂದರು. ಈಗ ಆ ಪೈಪಿನ ಕೆಳಗೆ ಒಂದು ಬಕೆಟ್ಟಿದೆ. ಅದು ತುಂಬಿದಾಗ ಬದಲಿಸುವುದು ಮಗನ ಕೆಲಸ. ಆ ನೀರಲ್ಲಿ ನೆಲ ಒರೆಸುತ್ತೇವೆ, ಪಾತ್ರೆಯ ಮೊದಲ ತೊಳೆತ ಮಾಡುತ್ತೇವೆ, ಉಳಿದದ್ದು ಪಾಯಖಾನೆಗೆ. ಗಿಡಕ್ಕೆ ಹಾಕುವುದಿಲ್ಲ. ಅದರಲ್ಲಿ ಉಪ್ಪಿನಂಶ ಜಾಸ್ತಿ, ದಿನಾ ಹಾಕಿದರೆ ಕುಂಡದ ಮಣ್ಣು ಕೆಡುತ್ತದೆ. ಗಿಡಕ್ಕೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಸಾಕು.

ಮಳೆನೀರಿನ ಲೆಕ್ಕ ಬಲು ಸರಳ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಮಾಳಿಗೆ ಸುಮಾರು 600 ಚದರ ಅಡಿ, ಅಂದರೆ 55 ಚದರ ಮೀಟರ್ ಹತ್ತಿರ. ಒಂದು ಸೆಂಟಿಮೀಟರ್ ಮಳೆಯಾದರೆ 550 ಲೀಟರ್. ಸೋರಿದ್ದು, ಆರಿದ್ದು ಕಳೆದರೂ 400 ಲೀಟರ್‌ಗೆ ಮೋಸವಿಲ್ಲ. ಸೆಪ್ಟೆಂಬರಿನ ಒಂದು ಚಲೋ ಮಳೆಗೆ ಸಾವಿರ ಲೀಟರಿನ ಟಾಕಿ ತುಂಬಿ ಹೊರಗೆ ಹರಿಯುತ್ತದೆ. ದೊಡ್ಡ ಖರ್ಚೇನೂ ಬರಲಿಲ್ಲ. ಮಾಳಿಗೆಯ ಪೈಪಿಗೆ ಒಂದು ಜೋಡಣೆ, ಬಾಯಿಗೆ ಜಾಳಿಗೆ, ಮೊದಲ ಮಳೆಯ ಧೂಳಿನ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್. ಮಾಳಿಗೆ ಗುಡಿಸುವುದು, ವಾಲ್ವ್ ತಿರುಗಿಸುವುದು ನಮ್ಮನೆಯವರಿಗೆ ಸೇರಿದ್ದು.

ಈ ನೀರಿನ ಲಾಭ ನನಗೆ ಗೊತ್ತಾದದ್ದು ಒಲೆಯ ಮುಂದೆ. ಗಡಸು ನೀರಲ್ಲಿ ತೊಗರಿಬೇಳೆ ಬೇಯಲು ಸತಾಯಿಸುತ್ತದೆ. ಮಳೆನೀರಲ್ಲಿ ಬೇಗ ಕರಗುತ್ತದೆ. ಸೋಸಿ, ಕುದಿಯುವ ಅಡುಗೆಗೆ ಮಾತ್ರ ಬಳಸುತ್ತೇವೆ, ಹಾಗೇ ಕುಡಿಯುವುದಿಲ್ಲ. ಬಟ್ಟೆಗೂ ಸೋಪಿನ ಪುಡಿ ಕಡಿಮೆ ಸಾಕು, ನೊರೆ ತಾನಾಗೇ ಬರುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಬೇಳೆಯನ್ನು ಒಂದು ತಾಸು ನೆನೆಸಿಟ್ಟು ಕುಕ್ಕರಿಗೆ ಹಾಕುತ್ತೇನೆ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣದು. ನೆನೆಸುವುದಕ್ಕೆ ಮೈಮುರಿಯಬೇಕಿಲ್ಲ, ನೆನಪು ಇದ್ದರೆ ಸಾಕು. ಇಂಥ ಉಳಿತಾಯ ನನಗೆ ಇಷ್ಟ.

ಬೇಸಿಗೆಯದೇ ಬೇರೆ ಕತೆ. ಏಪ್ರಿಲ್, ಮೇನಲ್ಲಿ ಪಾರಾ 40 ದಾಟುತ್ತದೆ. ಹಳೆ ಮನೆಗಳಿಗೆ ಮಣ್ಣಿನ ಮೇಲ್ಮುದ್ದೆ ಇರುತ್ತಿತ್ತು, ಒಳಗೆ ತಂಪು. ಈಗಿನ ಆರ್‌ಸಿಸಿ ಮಾಳಿಗೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನೇ ನಮ್ಮ ಮೇಲೆ ಬಿಡುತ್ತದೆ. ಎಸಿ ಹಾಕಿಸೋಣ ಅಂತ ಮಕ್ಕಳ ಹಟ ಇತ್ತು. ಅದರ ಬದಲು ಮಾರ್ಚಿನಲ್ಲಿ ಅಪ್ಪ-ಮಗ ಸೇರಿ ಮಾಳಿಗೆಗೆ ಸುಣ್ಣ ಬಳಿಯುತ್ತಾರೆ. ಹಿಡಿಯಲಿ ಅಂತ ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಕಲಸುತ್ತಾರೆ. ಎರಡು ಕೈ ಬಳಿದರೆ ಬಿಸಿಲು ವಾಪಸು ಚಿಮ್ಮುತ್ತದೆ, ಕೋಣೆಯ ಕಾವು ಕಡಿಮೆಯಾದದ್ದು ಮೈಗೇ ಗೊತ್ತಾಗುತ್ತದೆ. ಒಂದು ತೊಡಕು ಮಾತ್ರ ಇದೆ. ಸುಣ್ಣ ಬಳಿದ ಮಾಳಿಗೆಯ ಮೊದಲ ಕೆಲವು ಮಳೆಯ ನೀರು ಬೆಳ್ಳಗೆ ಬರುತ್ತದೆ. ಅದನ್ನು ಅಡುಗೆಗೆ ಹಿಡಿಯುವುದಿಲ್ಲ, ಮೇಲೆ ಹೇಳಿದ ಬೇಳೆಯ ಸುಖ ಶುರುವಾಗುವುದು ತಡವಾಗಿಯೇ.

ಒಂದೂವರೆ ಟನ್ನಿನ ಎಸಿ ಓಡುವಾಗ ಒಂದೂವರೆ ಸಾವಿರ ವಾಟ್ ಹತ್ತಿರ ಎಳೆಯುತ್ತದೆ. ಕೂಲರಿಗೆ 150-200 ವಾಟ್ ಸಾಕು. ನಮ್ಮದು ಒಣ ಹವೆ, ಹಾಗಾಗಿ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕರಾವಳಿಯವರಿಗೆ ಈ ಭಾಗ್ಯ ಇಲ್ಲ ಬಿಡಿ. ಆದರೆ ಕೂಲರ್ ನೀರು ಕುಡಿಯುತ್ತದೆ, ಅದೂ ನೀರು ತುಟ್ಟಿಯಾದ ತಿಂಗಳಲ್ಲೇ. ಅದಕ್ಕೆ ಪಡಸಾಲೆಯಲ್ಲಿ ಒಂದೇ ಕೂಲರ್, ಮಧ್ಯಾಹ್ನ ಎಲ್ಲರೂ ಅಲ್ಲೇ. ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ. ಫ್ರಿಜ್ಜಿನಲ್ಲಿ ಬಾಟಲಿ ಸಾಲು ಹಚ್ಚುವುದನ್ನೂ ಬಿಟ್ಟಿದ್ದೇವೆ, ಮಣ್ಣಿನ ಗಡಿಗೆ ಇದೆ. ಗೀಸರ್ ಅಂತೂ ಮಾರ್ಚಿನಿಂದಲೇ ಬಂದ್. ಮೇಲಿನ ಟಾಕಿಯ ನೀರೇ ಕೈ ಸುಡುವಷ್ಟು ಇರುತ್ತದಲ್ಲ!

ಕರೆಂಟಿನ ಮಾತು ಬಂದಾಗ ಎಲ್ಲರೂ ಹೇಳುವುದು, "ಗೃಹಜ್ಯೋತಿ ಐತಲ್ರೀ, ಉಳಿಸಿ ಏನ್ ಮಾಡ್ತೀರಿ?" ಮನೆಗಳಿಗೆ ಪುಕ್ಕಟೆ ಕರೆಂಟು ಕೊಡುವ, 2023ರಲ್ಲಿ ಶುರುವಾದ ರಾಜ್ಯದ ಯೋಜನೆ ಅದು. ಹಳೆಯ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ಗೊತ್ತುಮಾಡಿರುತ್ತಾರೆ. ಮಿತಿ ದಾಟಿದರೆ ದಾಟಿದ್ದಕ್ಕೆ ಬಿಲ್ಲು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ನಾವು ಆ ಗೆರೆಯ ಹತ್ತಿರವೇ ಓಡಾಡುತ್ತಿದ್ದೆವು. ಹಳೆ ಫ್ಯಾನು ಸುಮಾರು 75 ವಾಟಿನದು, ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸು. ಮೂರು ಫ್ಯಾನು ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ ಹಳೆಯವಕ್ಕೆ 67 ಯೂನಿಟ್, ಹೊಸವಕ್ಕೆ 27. ಮೂರನ್ನೂ ಒಟ್ಟಿಗೆ ಕೊಳ್ಳಲಿಲ್ಲ. ಒಂದೊಂದು ಕೆಟ್ಟಾಗ ರಿವೈಂಡ್ ಮಾಡಿಸುವ ಬದಲು ಹೊಸದು ತಂದೆವು. ಚೆನ್ನಾಗಿರುವ ವಸ್ತುವನ್ನು ಬಿಸಾಕಿ ಹಸಿರು ವಸ್ತು ಕೊಳ್ಳುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಇನ್ನು ಅಡುಗೆಮನೆ. ಡೋಣಿ ಹರಿದರೆ ಓಣೆಲ್ಲಾ ಜೋಳ ಅಂತ ನಮ್ಮ ಕಡೆ ಮಾತಿದೆ. ಡೋಣಿ ಅಂದರೆ ನಮ್ಮ ಜಿಲ್ಲೆಯ ಹೊಳೆ. ಹಿಂಗಾರಿ ಬಿಳಿಜೋಳ ಎರಿ ಅನ್ನುವ ಕಪ್ಪು ಮಣ್ಣಿನಲ್ಲಿ ಉಳಿದ ತೇವದಲ್ಲೇ ಬೆಳೆಯುತ್ತದೆ, ಭತ್ತದ ಹಾಗೆ ನೀರು ನಿಲ್ಲಿಸಬೇಕಿಲ್ಲ. ರಾತ್ರಿ ಅನ್ನದ ಬದಲು ರೊಟ್ಟಿಗೆ ವಾಪಸಾದದ್ದು ನಮ್ಮ ದೊಡ್ಡ ಬದಲಾವಣೆ. ಸುಗ್ಗಿ ಮುಗಿದ ಮೇಲೆ ಸಂಬಂಧಿಕರ ಹೊಲದಿಂದ ವರ್ಷದ ಜೋಳ ತರುತ್ತೇವೆ. ಬಿಸಿಲಿಗೆ ಒಣಗಿಸಿ, ಆರಿದ ಮೇಲೆ ಒಣಗಿದ ಬೇವಿನ ಸೊಪ್ಪು ಹಾಕಿ ತಗಡಿನ ಡಬ್ಬಿಗೆ ತುಂಬುವುದು ಅತ್ತೆಯ ಉಸ್ತುವಾರಿ, ಹೊರುವವರು ಮಕ್ಕಳು. ಗಿರಣಿಗೆ ಸ್ವಲ್ಪ ಸ್ವಲ್ಪವೇ ಒಯ್ಯಬೇಕು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ. ಗಿರಣಿ ಮಗಳ ಪಾಲು.

ಆದರೆ ರೊಟ್ಟಿ ಬಡಿಯೋರು ಯಾರು? ಇಲ್ಲೇ ನಮ್ಮ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು. ಐದು ಮಂದಿಗೆ ಎರಡು ಹೊತ್ತು ರೊಟ್ಟಿ ಅಂದ್ರೆ ಹುಡುಗಾಟ ಅಲ್ಲ. ಬೆಳಗಿನದು ನಾನು ಮಾಡುತ್ತೇನೆ. ರಾತ್ರಿಗೆ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ಅಕ್ಕನಿಂದ ಕಡಕ್ ರೊಟ್ಟಿ ತರುತ್ತೇವೆ, ನಮ್ಮದೇ ಬಟ್ಟೆಯಲ್ಲಿ ಸುತ್ತಿಕೊಂಡು. ಅವರು ಒಂದೇ ಒಲೆ ಹೊತ್ತಿಸಿ ನೂರಾರು ರೊಟ್ಟಿ ಬೇಯಿಸುತ್ತಾರೆ. ಕಡಕ್ ರೊಟ್ಟಿ ಫ್ರಿಜ್ ಇಲ್ಲದೆ ವಾರಗಟ್ಟಲೆ ಇರುತ್ತದೆ. ಒಡೆದ ಚೂರುಗಳಿಗೆ ಉಳ್ಳಾಗಡ್ಡಿ ಒಗ್ಗರಣೆ, ಇಲ್ಲವೇ ಮಜ್ಜಿಗೆಯಲ್ಲಿ ನೆನೆಸಿ ಶೇಂಗಾ ಹಿಂಡಿ. "ಹೊರಗಿಂದ ತಂದ್ರೆ ಉಳಿತಾಯ ಹೆಂಗ್ರೀ?" ಅಂತ ಒಬ್ಬರು ಕೇಳಿದರು. ನನ್ನ ಸಂಜೆಯ ಒಂದೂವರೆ ತಾಸು ಉಳಿಯಿತಲ್ಲ, ಅದು ಲೆಕ್ಕಕ್ಕಿಲ್ಲವೇ?

ಹಸಿ ಕಸ ಮಾಳಿಗೆಯ ಮೇಲಿನ ಎರಡು ದೊಡ್ಡ ಕುಂಡಕ್ಕೆ ಹೋಗುತ್ತದೆ, ಮಗಳ ಕೆಲಸ. ಒಂದು ತುಂಬಿದ ಮೇಲೆ ಇನ್ನೊಂದು. ಒಂದು ಪದರ ಸಿಪ್ಪೆ, ಒಂದು ಪದರ ಬೇರೆ ಬೇರೆ ಗಿಡದ ಒಣ ಎಲೆ. ಬೇರೆ ಊರಿನವರು ಗೊಬ್ಬರ ಜಾಸ್ತಿ ಹಸಿಯಾಯ್ತು, ನಾರುತ್ತದೆ ಅಂತಾರೆ. ನಮ್ಮಲ್ಲಿ ಉಲ್ಟಾ. ಬೇಸಿಗೆಯಲ್ಲಿ ಒಣಗಿ ಕೊಳೆಯುವುದೇ ನಿಂತುಬಿಡುತ್ತದೆ. ಕುಂಡಕ್ಕೆ ಗೋಣಿಚೀಲ ಮುಚ್ಚಿ, ಅಕ್ಕಿ ತೊಳೆದ ನೀರು ಚಿಮುಕಿಸಿ, ನೆರಳಿಗೆ ಸರಿಸಬೇಕು. ಲಿಂಬೆಯ ಸಿಪ್ಪೆ ಕಡಿಮೆ ಹಾಕಿ, ಅದು ಕೊಳೆಯಲು ಬಹಳ ದಿನ ತೆಗೆದುಕೊಳ್ಳುತ್ತದೆ.

ಬಟ್ಟೆಯ ವಿಷಯದಲ್ಲಿ ಅತ್ತೆಯೇ ನಮ್ಮ ಗುರು. ನಮ್ಮ ಕಡೆ ಹಳೆ ಸೀರೆ, ಧೋತರ ಕೌದಿಯಾಗದೆ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಪದರದ ಮೇಲೆ ಪದರ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲು ಕೈಹೊಲಿಗೆ. ಈಗಿನ ತೊಡಕು ಸಿಂಥೆಟಿಕ್ ಸೀರೆಗಳು. ಜಾರುತ್ತವೆ, ಬೆವರು ಹೀರುವುದಿಲ್ಲ. ಅತ್ತೆಯ ಉಪಾಯ ಏನಂದರೆ ಸಿಂಥೆಟಿಕ್ ನಡುವಿನ ಪದರಕ್ಕೆ, ಮೈಗೆ ತಾಗುವ ಎರಡೂ ಬದಿಗೆ ಅರಿವೆ ಹತ್ತಿಯದೇ. ಜೋಡಿಸುವುದು, ಬಣ್ಣ ಆರಿಸುವುದು ಅವರದು. ಹೊಲಿಗೆಗೆ ಕೌದಿ ಹೊಲಿಯುವ ಹೆಂಗಸರನ್ನು ಕರೆದು ಕೂಲಿ ಕೊಡುತ್ತೇವೆ. ಚೌಕಾಸಿ ಮಾಡಲು ಅತ್ತೆ ಬಿಡುವುದಿಲ್ಲ. "ಬೆರಳು ನೋಡವಾ ಅಕಿದು" ಅಂತಾರೆ. ಮೊದಲಿನಂತೆ ದಪ್ಪ, ದೊಡ್ಡ ಕೌದಿ ಮಾಡಿಸುವುದಿಲ್ಲ. ಅದನ್ನು ಒಗೆಯಲು ಹಳ್ಳಕ್ಕೇ ಹೋಗಬೇಕು, ನೆನೆದ ಮೇಲೆ ಎತ್ತಲು ಇಬ್ಬರು ಬೇಕು. ಒಬ್ಬರಿಗಾಗುವ ತೆಳು ಕೌದಿ ಮಾಡಿಸಿದರೆ ಮನೆಯ ಮಿಷನ್ನಿನಲ್ಲೇ ಒಗೆಯಬಹುದು.

ಮನೆಯ ಕಾರ್ಯಕ್ರಮಗಳಿಗೆ ಸ್ಟೀಲ್ ತಾಟು ಒಳ್ಳೆಯದೋ ಪತ್ರಾವಳಿಯೋ ಅಂತ ಪ್ರತಿ ಸಲ ವಾದ ಆಗುತ್ತದೆ. ಮಳೆಗಾಲ, ಚಳಿಗಾಲದಲ್ಲಿ ತಾಟು ಬಾಡಿಗೆಗೆ ತರುತ್ತೇವೆ, ತೊಳೆಯಲು ಆಳು ಇಡುತ್ತೇವೆ. ಬೇಸಿಗೆಯಲ್ಲಿ ಮುತ್ತಲ ಎಲೆಯ ಪತ್ರಾವಳಿ, ನೀರೇ ಬೇಡ. ಪ್ಲಾಸ್ಟಿಕ್ ಮೆತ್ತಿದ ಕಾಗದದ ತಟ್ಟೆ ಮಾತ್ರ ಒಳಗೆ ಬರುವುದಿಲ್ಲ.

ಬಿಟ್ಟ ಕೆಲಸಗಳೂ ಇವೆ. ಅಂಟವಾಳ ಕುದಿಸಲು ಯಾರೂ ಮುಂದೆ ಬರಲಿಲ್ಲ. ನಾನಂತೂ ಒಲ್ಲೆ ಅಂದೆ. ಪಾತ್ರೆಗೆ ಬೂದಿ ಅಂದರೆ ಗ್ಯಾಸಿನ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಸೋಲಾರ್ ಪ್ಯಾನೆಲ್ ಬಗ್ಗೆ ಮಗಳು ಲೆಕ್ಕ ಹಾಕಿದಳು. 2024ರಲ್ಲಿ ಬಂದ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60 ಸಾವಿರ ಸಬ್ಸಿಡಿ. ಬಿಸಿಲಿಗೆ ನಮ್ಮಲ್ಲಿ ಬರ ಇಲ್ಲ. ಆದರೆ ಈಗಿನ ಬಳಕೆ ಗೃಹಜ್ಯೋತಿಯ ಮಿತಿಯೊಳಗೇ ಇರುವುದರಿಂದ ಹಾಕಿದ ದುಡ್ಡು ವಾಪಸು ಬರುವುದು ಕಾಣಲಿಲ್ಲ. ಸದ್ಯಕ್ಕೆ ಬೇಡ ಅಂತಾಯಿತು.

ಈಗ ಮುಂದಿರುವುದು ಸ್ಕೂಟರಿನ ವಿಷಯ. ನನಗೆ, ಮಗಳಿಗೆ ಸಾರಿಗೆ ಬಸ್ಸು ಪುಕ್ಕಟೆ, ಇಬ್ಬರೂ ಅದರಲ್ಲೇ ಹೋಗುತ್ತೇವೆ. ನಮ್ಮನೆಯವರು ಮಾತ್ರ ಒಂದು ಕಿಲೋಮೀಟರ್ ದೂರದ ತರಕಾರಿಗೂ ಗಾಡಿ ತೆಗೆಯುತ್ತಾರೆ. ಮಗ ಅವರಿಗಾಗಿ ಹಳೆ ಸೈಕಲ್ಲಿಗೆ ಹೊಸ ಟೈರ್ ಹಾಕಿಸಿದ್ದಾನೆ. ದಿನಾ ಮಾಡೋರು ಯಾರು ಅನ್ನುವ ಪ್ರಶ್ನೆಗೆ ಅವರಿನ್ನೂ ಉತ್ತರ ಕೊಟ್ಟಿಲ್ಲ.