ಗ್ರೀಕ್ ಸೈನ್ಯದಲ್ಲಿ ಅರಸನ ಅಧಿಕಾರವನ್ನು ಅಳೆಯುವ ಬಗೆ

ಪ್ರಾಚೀನ ಗ್ರೀಸಿನ ಯುದ್ಧವೃತ್ತಾಂತಗಳಲ್ಲಿ ‘ಅರಸ’ ಎಂಬ ಪದ ಕಂಡೊಡನೆ ಸೈನ್ಯವೆಲ್ಲ ಅವನ ಅಪ್ಪಣೆಗೆ ತಲೆಬಾಗಿ ನಿಂತಿತ್ತೆಂದು ಭಾವಿಸುವುದು ಸಹಜ. ಆದರೆ ಅನೇಕ ಕಡೆ ಅದು ದಾರಿ ತಪ್ಪಿಸುತ್ತದೆ. ಸ್ಪಾರ್ಟಾದ ಅರಸನಿಗೂ ಮ್ಯಾಸಿಡೋನಿಯಾದ ಅರಸನಿಗೂ ಹೆಸರಿನಲ್ಲಿರುವಷ್ಟು ಹೋಲಿಕೆ ಅಧಿಕಾರದಲ್ಲಿರಲಿಲ್ಲ. ಆದ್ದರಿಂದ ಒಂದು ದಂಡಯಾತ್ರೆಯ ವರ್ಣನೆಯನ್ನು ಕೈಗೆತ್ತಿಕೊಂಡಾಗ, ದಂಡನ್ನು ಕೂಡಿಸಿದವರು ಯಾರು, ನಡೆಸಿದವರು ಯಾರು, ಅಪ್ಪಣೆ ಕಾಲಾಳಿನವರೆಗೆ ಹೇಗೆ ಇಳಿಯಿತು, ಮರಳಿ ಬಂದ ಮೇಲೆ ಸೇನಾಪತಿಯನ್ನು ವಿಚಾರಣೆಗೆ ಒಳಪಡಿಸುವ ಹಕ್ಕು ಯಾರಿಗಿತ್ತು ಎಂಬುದನ್ನು ಬೇರೆಬೇರೆಯಾಗಿ ಗುರುತುಹಾಕಿಕೊಳ್ಳಬೇಕು. ಇವುಗಳಲ್ಲಿ ಕೊನೆಯದೇ ಹೆಚ್ಚಿನದನ್ನು ಹೇಳುತ್ತದೆಂಬುದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಸ್ಪಾರ್ಟಾವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಎರಡು ಮನೆತನಗಳಿಂದ ಇಬ್ಬರು ಅರಸರು ಏಕಕಾಲಕ್ಕೆ ಆಳುತ್ತಿದ್ದರು. ಕ್ರಿ.ಪೂ. 506ರ ಸುಮಾರಿಗೆ ಅಥೆನ್ಸಿನ ಮೇಲೆ ದಂಡೆತ್ತಿ ಹೋದ ಕ್ಲಿಯೊಮಿನೀಸ್ ಮತ್ತು ಡೆಮರಾಟಸ್ ನಡುದಾರಿಯಲ್ಲಿಯೇ ಭಿನ್ನಮತಕ್ಕೆ ಬಿದ್ದು ಯಾತ್ರೆ ಮುರಿದುಬಿದ್ದ ಮೇಲೆ, ಒಬ್ಬ ಅರಸ ಮಾತ್ರ ದಂಡಿನೊಡನೆ ಹೋಗಬೇಕೆಂಬ ನಿಯಮ ಬಂದಿತು. ದಂಡಿಗೆ ಯಾವ ವಯಸ್ಸಿನವರೆಗಿನವರು ಬರಬೇಕೆಂದು ಸಾರುತ್ತಿದ್ದವರು ವರ್ಷಕ್ಕೊಮ್ಮೆ ಆಯ್ಕೆಯಾಗುವ ಎಫೊರರೆಂಬ ಐವರು ಅಧಿಕಾರಿಗಳು. ಅವರಲ್ಲಿ ಇಬ್ಬರು ರಣರಂಗಕ್ಕೂ ಅರಸನ ಜೊತೆ ಹೋಗುತ್ತಿದ್ದರು. ಆಜ್ಞೆ ಅರಸನದು, ಕಾವಲುಗಣ್ಣು ನಗರದ್ದು.

ಆಜ್ಞೆ ಇಳಿಯುವ ಕ್ರಮವನ್ನು ತಿಳಿಯಲು ಕ್ರಿ.ಪೂ. 418ರ ಮಾಂಟಿನಿಯಾ ಯುದ್ಧದ ಬಗ್ಗೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಕೊಡುವ ವಿವರವನ್ನು ಕಾಗದದ ಮೇಲೆ ಏಣಿಯಂತೆ ಬರೆದುಕೊಳ್ಳಿ. ಮೇಲೆ ಅರಸ, ಅವನ ಕೆಳಗೆ ಪೊಲೆಮಾರ್ಕರೆಂಬ ಹಿರಿಯ ಸೇನಾನಾಯಕರು, ಅವರ ಕೆಳಗೆ ‘ಲೊಖೋಸ್’ ಎಂಬ ದಳದ ನಾಯಕರು, ಅನಂತರ ‘ಪೆಂಟೆಕೋಸ್ಟಿಸ್’ ಎಂಬ ಉಪದಳದ ನಾಯಕರು, ಕೊನೆಗೆ ‘ಎನೊಮೊಟಿಯಾ’ ಎಂಬ ಚಿಕ್ಕ ತುಕಡಿಯ ನಾಯಕರು. ಈ ಏಣಿಯಿಂದಲೇ ಸೈನ್ಯದ ಗಾತ್ರವನ್ನು ಲೆಕ್ಕಹಾಕಬಹುದು: ದಳಗಳು 7, ಪ್ರತಿ ದಳದಲ್ಲಿ 4 ಉಪದಳ, ಪ್ರತಿ ಉಪದಳದಲ್ಲಿ 4 ತುಕಡಿ, ಪ್ರತಿ ತುಕಡಿಯ ಮುಂಸಾಲಿನಲ್ಲಿ 4 ಜನ, ಗುಣಿಸಿದರೆ ಮುಂಸಾಲಿಗೆ 448. ಸರಾಸರಿ 8 ಸಾಲು ಆಳವೆಂದು ಹಿಡಿದರೆ 3,584 ಮಂದಿ. ಗಡಿನಾಡಿನವರಾದ 600 ಮಂದಿಯ ಸ್ಕಿರಿಟಿಯ ಪಡೆ ಇದಕ್ಕೆ ಹೊರತು. ಸ್ಪಾರ್ಟನ್ನರ ಗುಟ್ಟಿನ ಸ್ವಭಾವದಿಂದ ನೇರ ಎಣಿಕೆ ಸಿಗದಿದ್ದುದರಿಂದಲೇ ಥುಸಿಡಿಡೀಸ್ ಈ ಸುತ್ತುದಾರಿ ಹಿಡಿದನು.

ಏಣಿ ಎಲ್ಲಿ ಮುರಿಯಿತೆಂದು ನೋಡುವುದು ಅದಕ್ಕಿಂತ ಮುಖ್ಯ. ತನ್ನ ಎಡಬದಿಯನ್ನು ಶತ್ರು ಬಳಸಿ ಬರಬಹುದೆಂದು ಕಂಡ ಅರಸ ಅಗಿಸ್, ಆ ಬದಿಯವರನ್ನು ಇನ್ನೂ ಎಡಕ್ಕೆ ಸರಿಸಿ, ತೆರವಾದ ಜಾಗಕ್ಕೆ ಬಲಬದಿಯಿಂದ ಎರಡು ದಳ ತರುವಂತೆ ಪೊಲೆಮಾರ್ಕರಾದ ಹಿಪ್ಪೊನೊಯಿಡಾಸ್ ಮತ್ತು ಅರಿಸ್ಟೊಕ್ಲೀಸರಿಗೆ ಹೇಳಿಕಳುಹಿಸಿದನು. ಸೈನ್ಯ ಆಗಲೇ ಮುಂದೆ ನಡೆಯುತ್ತಿದ್ದುದರಿಂದ ಅವರು ಕದಲಲಿಲ್ಲ. ಸ್ಪಾರ್ಟಾ ಹೇಗೋ ಗೆದ್ದಿತು. ಆದರೂ ಹೇಡಿತನದ ಆರೋಪದ ಮೇಲೆ ಆ ಇಬ್ಬರನ್ನೂ ಗಡೀಪಾರು ಮಾಡಲಾಯಿತು.

ಇಷ್ಟಕ್ಕೇ ನಿಂತರೆ ಅರಸನ ಮಾತು ಅನುಲ್ಲಂಘನೀಯವೆಂದು ತೋರೀತು. ಅದೇ ವರ್ಷದ ಹಿಂದಿನ ಪುಟವನ್ನೂ ತಿರುವಿ ನೋಡಬೇಕು. ಸ್ಪಾರ್ಟಾದ ಎದುರಾಳಿ ನಗರವಾದ ಆರ್ಗೋಸಿನವರೊಡನೆ ಬಹುಮಂದಿಯ ಸಮ್ಮತಿ ಪಡೆಯದೆ ನಾಲ್ಕು ತಿಂಗಳ ಕದನವಿರಾಮ ಮಾಡಿಕೊಂಡುದಕ್ಕಾಗಿ ಇದೇ ಅಗಿಸನ ಮನೆಯನ್ನು ಕೆಡವಿ 1,00,000 ದ್ರಾಖ್ಮ ದಂಡ ವಿಧಿಸಲು ಸ್ಪಾರ್ಟನ್ನರು ಹೊರಟಿದ್ದರು. ಅವನು ಬೇಡಿಕೊಂಡ ಮೇಲೆ ಅದನ್ನು ತಡೆಹಿಡಿದರಾದರೂ, ಹಿಂದೆಂದೂ ಇಲ್ಲದಂತೆ ಹತ್ತು ಮಂದಿ ಸಲಹೆಗಾರರನ್ನು ಅವನ ಬೆನ್ನಿಗೆ ಕಟ್ಟಿದರು. ರಣರಂಗದಲ್ಲಿ ಒಡೆಯ, ಊರಿನಲ್ಲಿ ಆರೋಪಿ: ಸ್ಪಾರ್ಟಾದ ಅರಸುತನದ ಎರಡು ಮುಖಗಳು ಇವು.

ಅಥೆನ್ಸಿನ ಬಗ್ಗೆ ಓದುವಾಗ ಕೆಲಸ ಸುಲಭ. ಅಲ್ಲಿ ದಂಡನ್ನು ನಡೆಸುವ ಅರಸನಿಲ್ಲ. ಪ್ರತಿವರ್ಷ ಚುನಾಯಿತರಾಗುವ ಹತ್ತು ಮಂದಿ ಸ್ಟ್ರಾಟೆಗೋಸರು, ಅಂದರೆ ಸೇನಾಪತಿಗಳು, ಅವರ ಮೇಲೆ ಜನಸಭೆ. ಕ್ರಿ.ಪೂ. 406ರಲ್ಲಿ ಆರ್ಗಿನೂಸಾಯ್ ಬಳಿ ನೌಕಾಯುದ್ಧವನ್ನು ಗೆದ್ದ ಸೇನಾಪತಿಗಳ ಪೈಕಿ ಆರು ಮಂದಿಗೆ, ನೀರಿಗೆ ಬಿದ್ದವರನ್ನು ಎತ್ತಲಿಲ್ಲವೆಂಬ ಕಾರಣಕ್ಕೆ, ಮರಣದಂಡನೆ ಆಯಿತೆಂಬುದೊಂದೇ ನಾಲ್ಕನೆಯ ಪ್ರಶ್ನೆಗೆ ಸಾಕಷ್ಟು ಉತ್ತರ.

ಮ್ಯಾಸಿಡೋನಿಯಾಕ್ಕೆ ಬಂದರೆ ಕೂಡಿಸುವವನೂ ನಡೆಸುವವನೂ ಅರಸನೇ. ಕ್ರಿ.ಪೂ. 359ರಲ್ಲಿ ಅಧಿಕಾರಕ್ಕೆ ಬಂದ ಎರಡನೆಯ ಫಿಲಿಪ್, ಸರಿಸಾ ಎಂಬ ನೀಳ ಈಟಿಯ ಕಾಲಾಳುಗಳನ್ನು ಪ್ರಾಂತ್ಯವಾರು ದಳಗಳಲ್ಲಿ ಕಟ್ಟಿದನು. ಅವನ ಮಗ ಅಲೆಕ್ಸಾಂಡರ್ ಬಲಬದಿಯ ‘ಸಂಗಾತಿ’ ಅಶ್ವದಳದೊಡನೆ ತಾನೇ ನುಗ್ಗುತ್ತಿದ್ದನು, ಎಡಬದಿ ಪಾರ್ಮೆನಿಯೋನನ ಹೊಣೆ. ವಿಚಾರಿಸುವ ಮೇಲಧಿಕಾರಿ ಯಾರೂ ಕಾಣದಿದ್ದಾಗ, ಇಲ್ಲಿ ಸೈನಿಕರ ಕಡೆಗೇ ತಿರುಗಿ ನೋಡಬೇಕು. ಕ್ರಿ.ಪೂ. 330ರಲ್ಲಿ ಪಾರ್ಮೆನಿಯೋನನ ಮಗ ಫಿಲೋಟಾಸನ ಮೇಲಿನ ದ್ರೋಹದ ಆರೋಪವನ್ನು ಅರಸನು ನೆರೆದ ಸೈನ್ಯದ ಮುಂದಿಟ್ಟನು. ಕ್ರಿ.ಪೂ. 326ರಲ್ಲಿ ಹಿಫಾಸಿಸ್, ಅಂದರೆ ಇಂದಿನ ಬಿಯಾಸ್, ನದಿಯ ದಡದಲ್ಲಿ ಸೈನಿಕರು ಮುಂದಡಿಯಿಡಲು ಒಪ್ಪದಾಗ, ಅವರ ಪರವಾಗಿ ಮಾತನಾಡಿದವನು ದಳನಾಯಕ ಕೊಯ್ನೋಸ್.

ಬಲಿ ಮತ್ತು ಶಕುನದ ಸಾಲುಗಳನ್ನು ಹಾರಿಸಿ ಓದುವ ಅಭ್ಯಾಸವಿದ್ದರೆ ಬಿಡಬೇಕು. ದೇವರಿಗೆ ಬಲಿ ಕೊಡುವುದು ಅರಸನ ಕೆಲಸಗಳಲ್ಲೊಂದು, ಕ್ರಿ.ಪೂ. 419ರಲ್ಲಿ ಗಡಿಯಲ್ಲಿ ಕೊಟ್ಟ ಬಲಿ ಶುಭವಾಗಲಿಲ್ಲವೆಂದು ಅಗಿಸನ ದಂಡು ಮನೆಗೆ ಮರಳಿತ್ತು. ಹಿಫಾಸಿಸ್ ದಡದಲ್ಲಿಯೂ ಅಲೆಕ್ಸಾಂಡರ್ ಡೇರೆಯೊಳಗೆ ಮುನಿದು ಕುಳಿತು, ಸೈನಿಕರ ಮನಸ್ಸು ಬದಲಾಗದಿದ್ದುದನ್ನು ಕಂಡು, ನದಿ ದಾಟಲೆಂದು ಬಲಿ ಕೊಟ್ಟನು. ಶಕುನ ಪ್ರತಿಕೂಲವೆಂದು ತಿಳಿದುಬಂದ ಮೇಲೆ ಹಿಂದಿರುಗುವುದಾಗಿ ಸಾರಿದನು. ಸೈನಿಕರಿಗೆ ಸೋತೆನೆಂದು ಹೇಳಬೇಕಾದ ಪ್ರಮೇಯ ಅವನಿಗೆ ಬರಲಿಲ್ಲ.