ಮಗು ಹಾಕಿ ಆಡುತ್ತೇನೆ ಎಂದಾಗ: ಕೆನಡಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ಟೊರೊಂಟೊ ಸುತ್ತಮುತ್ತ ಮನೆ ಮಾಡಿದ ಕುಟುಂಬದಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ, ಒಂದೆರಡು ಚಳಿಗಾಲ ಕಳೆಯುವುದರೊಳಗೆ ಐಸ್ ಹಾಕಿಯ ಮಾತು ಮನೆಯೊಳಗೆ ಬಂದೇ ಬರುತ್ತದೆ. ಆಗ ನಮ್ಮವರಿಂದ ಎರಡು ಬಗೆಯ ಉತ್ತರ ಕೇಳುತ್ತೇನೆ. "ಅದು ನಮ್ಮವರ ಆಟವಲ್ಲ, ಸುಮ್ಮನೆ ಓದು" ಎನ್ನುವುದು ಒಂದು. "ಆಡುವುದಾದರೆ ಎನ್‌ಎಚ್‌ಎಲ್ (ಇಲ್ಲಿನ ಅತ್ಯುನ್ನತ ವೃತ್ತಿಪರ ಹಾಕಿ ಲೀಗ್) ಮುಟ್ಟುವಂತೆ ಆಡು" ಎನ್ನುವುದು ಇನ್ನೊಂದು. ಹಾಕಿ ಆಟಗಾರನ ವೃತ್ತಿ ಹೇಗೆ ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಆಡುವ ಮಾತುಗಳಿವು. ಮಗುವಿನ ಮೇಲೆ ಎರಡೂ ಭಾರವಾಗಿ ಬೀಳುತ್ತವೆ. ಮಿಸ್ಸಿಸಾಗಾದಲ್ಲಿ ಮಕ್ಕಳನ್ನು ಬೆಳೆಸಿ, ರಿಂಕ್‌ಗಳ ಚಳಿಯಲ್ಲಿ ಕುಳಿತು ಕಲಿತದ್ದನ್ನು ಹೊಸಬರಿಗೆ ಹೇಳಬೇಕೆನಿಸಿದೆ.

ಈ ವೃತ್ತಿಯನ್ನು ಅರಿಯಲು ವೇಯ್ನ್ ಗ್ರೆಟ್ಸ್ಕಿಯನ್ನಾಗಲಿ ಸಿಡ್ನಿ ಕ್ರಾಸ್ಬಿಯನ್ನಾಗಲಿ ನೋಡಬೇಡಿ. ಅಂಥವರು ತಲೆಮಾರಿಗೊಬ್ಬರು. ಇದೇ ಮಿಸ್ಸಿಸಾಗಾದಲ್ಲಿ 1980ರಲ್ಲಿ ಹುಟ್ಟಿದ ಮ್ಯಾನಿ ಮಲ್ಹೋತ್ರಾ ಅವರನ್ನು ನೋಡಿ. ತಂದೆ ಭಾರತೀಯ ಮೂಲದವರು, ತಾಯಿ ಫ್ರೆಂಚ್ ಕೆನಡಿಯನ್. ಮಲ್ಹೋತ್ರಾ ಎನ್‌ಎಚ್‌ಎಲ್‌ನಲ್ಲಿ 991 ಪಂದ್ಯ ಆಡಿದರು, 116 ಗೋಲು ಹೊಡೆದರು. ಗೋಲಿನ ಲೆಕ್ಕ ದೊಡ್ಡದಲ್ಲ, ಪಂದ್ಯಗಳ ಲೆಕ್ಕ ಬಹಳ ದೊಡ್ಡದು. ಆ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ಈ ವೃತ್ತಿಯ ನಿಜವಾದ ಸ್ವರೂಪವಿದೆ.

ಮೊದಲು ಬಾಲ್ಯದ ಹಂತ. ಇಲ್ಲಿ ಮಕ್ಕಳನ್ನು ವಯಸ್ಸಿನ ಪ್ರಕಾರ ಏಳರೊಳಗೆ, ಒಂಬತ್ತರೊಳಗೆ, ಹನ್ನೊಂದರೊಳಗೆ ಎಂದು ವಿಂಗಡಿಸಿ ಹದಿನೆಂಟರವರೆಗೆ ಆಡಿಸುತ್ತಾರೆ. ಹೆಸರು ಬರೆಸಿದ ಎಲ್ಲರಿಗೂ ಆಡಲು ಸಿಗುವುದು ಹೌಸ್ ಲೀಗ್. ಅದರ ಮೇಲೆ ಆಯ್ಕೆಯಾಗಿ ಸೇರಬೇಕಾದ ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ ತಂಡಗಳು. ಟ್ರಿಪಲ್ ಎ ಎಂದರೆ ವಾರದಲ್ಲಿ ಹಲವು ದಿನ ರಿಂಕ್, ಊರೂರು ಸುತ್ತುವ ಟೂರ್ನಿಗಳು. ಪ್ರಯಾಣ, ಸಲಕರಣೆ, ಖಾಸಗಿ ತರಬೇತಿ ಎಲ್ಲ ಸೇರಿ ವರ್ಷದ ಖರ್ಚು ಹತ್ತು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಕೆಲಸ ಇನ್ನೂ ಭದ್ರವಾಗದ ಹೊಸ ಕುಟುಂಬಗಳು ಎಂಟು ವರ್ಷದ ಮಗುವಿಗಾಗಿ ಈ ಸಾಲಕ್ಕೆ ಇಳಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಆ ವಯಸ್ಸಿನಲ್ಲಿ ಬೇಕಾದದ್ದು ಚೆನ್ನಾಗಿ ಸ್ಕೇಟ್ ಮಾಡುವುದು ಮತ್ತು ಆಟದ ಆಸೆ ಉಳಿಯುವುದು. ಹೌಸ್ ಲೀಗ್ ಅದಕ್ಕೆ ಸಾಕು.

ಎಳೆಯ ಮಕ್ಕಳನ್ನು ಮೊದಲ ಬಾರಿ ಸೇರಿಸುವವರಿಗೆ ಫಸ್ಟ್ ಶಿಫ್ಟ್ ಎಂಬ ಕಾರ್ಯಕ್ರಮವಿದೆ. ಕಡಿಮೆ ಶುಲ್ಕದಲ್ಲಿ ತಲೆಯಿಂದ ಕಾಲಿನವರೆಗಿನ ಸಲಕರಣೆಯನ್ನೂ ಕೊಟ್ಟು ಕಲಿಸುತ್ತಾರೆ. ಆದಾಯ ಕಡಿಮೆ ಇರುವ ಕುಟುಂಬಗಳಿಗೆ ಜಂಪ್‌ಸ್ಟಾರ್ಟ್, ಕಿಡ್‌ಸ್ಪೋರ್ಟ್ ಸಂಸ್ಥೆಗಳು ನೆರವಾಗುತ್ತವೆ. ಕೇಳಲು ಸಂಕೋಚ ಬೇಡ, ಅವು ಇರುವುದೇ ಅದಕ್ಕಾಗಿ. ಸಲಕರಣೆಗಳನ್ನು ಹಳೆಯದಾಗಿಯೇ ಕೊಳ್ಳಿ. ಮಕ್ಕಳ ಪಾದ ಒಂದು ಋತುವಿನಲ್ಲಿಯೇ ಬೆಳೆದುಬಿಡುತ್ತದೆ. ಹೆಲ್ಮೆಟ್ ಒಂದನ್ನು ಮಾತ್ರ ಹೊಸದಾಗಿ ತನ್ನಿ.

ಕೊಡಗಿನಿಂದ ಬಂದ ಕುಟುಂಬಗಳಿಗೆ ಹಾಕಿ ಕೋಲು ಹೊಸತಲ್ಲ. ಆದರೂ ಆಟ ಬೇರೆಯೇ ಎಂದು ಬೇಗ ತಿಳಿಯುತ್ತದೆ. ಇಲ್ಲಿ ಕೋಲಿನ ಎರಡೂ ಬದಿಯಿಂದ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಆಡಿಸಬಹುದು. ಗೋಲಿನ ಹಿಂದೆಯೂ ಆಟ ನಡೆಯುತ್ತದೆ. ಒಬ್ಬ ಆಟಗಾರ ಮಂಜಿನ ಮೇಲೆ ಒಮ್ಮೆಗೆ ಇರುವುದು ಮುಕ್ಕಾಲು ನಿಮಿಷದಷ್ಟೇ. ಅಷ್ಟರಲ್ಲಿ ಇರುವ ಶಕ್ತಿಯನ್ನೆಲ್ಲ ಸುರಿದು ಬೆಂಚಿಗೆ ಮರಳುತ್ತಾನೆ.

ಈ ವೃತ್ತಿಯ ನಿಜವಾದ ಕವಲು ಬರುವುದು ಹದಿನೈದು ಹದಿನಾರನೆಯ ವಯಸ್ಸಿನಲ್ಲಿ, ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ. ಒಂಟಾರಿಯೊದ ಹುಡುಗರನ್ನು ಜೂನಿಯರ್ ಲೀಗ್ ಆದ ಒಂಟಾರಿಯೊ ಹಾಕಿ ಲೀಗ್‌ನ ತಂಡಗಳು ಆರಿಸಿಕೊಳ್ಳುತ್ತವೆ. ಆಯ್ಕೆಯಾದವನು ಬೇರೆ ಊರಿಗೆ ಹೋಗಿ ಅಪರಿಚಿತ ಕುಟುಂಬವೊಂದರ ಮನೆಯಲ್ಲಿ ಇದ್ದುಕೊಂಡು ಆಡಬೇಕು, ಅಲ್ಲಿನ ಶಾಲೆಗೇ ಹೋಗಬೇಕು. ಆಶ್ರಯ ಕೊಡುವ ಆ ಮನೆಯವರನ್ನು ಬಿಲೆಟ್ ಕುಟುಂಬ ಎನ್ನುತ್ತಾರೆ. ನಮ್ಮ ತಾಯಂದಿರಿಗೆ ಇದನ್ನು ಒಪ್ಪುವುದು ತುಂಬ ಕಷ್ಟ. ಮಗ ಏನು ತಿನ್ನುತ್ತಾನೆ, ರಾತ್ರಿ ಎರಡು ಗಂಟೆಗೆ ತಂಡದ ಬಸ್ ಊರು ಮುಟ್ಟಿದ ಮೇಲೆ ಬೆಳಿಗ್ಗೆ ಪಾಠಕ್ಕೆ ಹೇಗೆ ಕೂರುತ್ತಾನೆ ಎಂಬ ಚಿಂತೆ ಸುಳ್ಳಲ್ಲ. ಮಲ್ಹೋತ್ರಾ ಹೀಗೆಯೇ ಗ್ವೆಲ್ಫ್ ಸ್ಟಾರ್ಮ್ ತಂಡಕ್ಕೆ ಹೋದರು. 1998ರಲ್ಲಿ ತಂಡ ಲೀಗ್ ಗೆದ್ದಿತು. ಅದೇ ವರ್ಷ ಓದು ಮತ್ತು ಆಟ ಎರಡರಲ್ಲೂ ಮುಂದಿದ್ದ ಆಟಗಾರನಿಗೆ ಲೀಗ್ ಕೊಡುವ ಬಾಬಿ ಸ್ಮಿತ್ ಟ್ರೋಫಿ ಅವರಿಗೆ ಬಂತು. ಓದಿಗೂ ಹಾಕಿಗೂ ಆಗಿಬರುವುದಿಲ್ಲ ಎನ್ನುವವರಿಗೆ ನಾನು ಯಾವಾಗಲೂ ಹೇಳುವ ಸಂಗತಿ ಇದು.

ಈ ಹಂತದ ಒಂದು ನಿಯಮ ಇತ್ತೀಚೆಗೆ ಬದಲಾಗಿದೆ. ಹಳಬರ ಮಾತು ನಂಬಿ ತಪ್ಪು ದಾರಿ ಹಿಡಿಯಬೇಡಿ. ಮೊದಲು ಈ ಜೂನಿಯರ್ ಲೀಗ್‌ನಲ್ಲಿ ಆಡಿದವರು ಅಮೆರಿಕದ ವಿಶ್ವವಿದ್ಯಾಲಯಗಳ ಉನ್ನತ ಹಾಕಿ ತಂಡಗಳಲ್ಲಿ ಆಡುವಂತಿರಲಿಲ್ಲ. 2025ರ ಆಗಸ್ಟ್‌ನಿಂದ ಆ ಅಡ್ಡಿ ಹೋಗಿದೆ. ಅಲ್ಲದೆ ಜೂನಿಯರ್ ತಂಡದಲ್ಲಿ ಆಡಿದ ಪ್ರತಿ ಋತುವಿಗೂ ಒಂದು ವರ್ಷದ ಕಾಲೇಜು ಶುಲ್ಕ ಕೊಡುವ ವ್ಯವಸ್ಥೆಯಿದೆ. ಸಹಿ ಹಾಕುವ ಮುನ್ನ ಅದರ ಷರತ್ತುಗಳನ್ನು ಸಾಲು ಸಾಲಾಗಿ ಓದಿ.

ಹದಿನೆಂಟಕ್ಕೆ ಎನ್‌ಎಚ್‌ಎಲ್ ಡ್ರಾಫ್ಟ್. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ ಇದು: 32 ತಂಡಗಳು, ಏಳು ಸುತ್ತು, ಇಡೀ ಜಗತ್ತಿನಿಂದ ವರ್ಷಕ್ಕೆ 224 ಹುಡುಗರು. 1998ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡ ಮಲ್ಹೋತ್ರಾ ಅವರನ್ನು ಏಳನೆಯವರಾಗಿ ಆರಿಸಿತು. ಗುರಿ ಮುಟ್ಟಿದಂತೆಯೇ ಎಂದು ಯಾರಿಗಾದರೂ ಅನಿಸಬೇಕು. ಆದರೆ ಎರಡನೆಯ ಋತುವಿನಲ್ಲಿ 27 ಪಂದ್ಯ ಆಡಿಯೂ ಅವರ ಹೆಸರಿನಲ್ಲಿ ಒಂದು ಗೋಲಿಲ್ಲ, ಗೋಲಿಗೆ ನೆರವಾದ ಒಂದು ಪಾಸೂ ಇಲ್ಲ. ಅಂದಿನ ನಿಯಮದಂತೆ ಆ ವಯಸ್ಸಿನವರನ್ನು ಎನ್‌ಎಚ್‌ಎಲ್‌ನಲ್ಲಿ ಇಟ್ಟುಕೊಳ್ಳಬೇಕು, ಇಲ್ಲವೇ ಜೂನಿಯರ್‌ಗೆ ಮರಳಿಸಬೇಕು. ಹುಡುಗ ಬೆಳೆಯಲು ತಕ್ಕದಾದ ನಡುವಿನ ಮೆಟ್ಟಿಲಿಗೆ, ಅಮೆರಿಕನ್ ಹಾಕಿ ಲೀಗ್‌ಗೆ, ಋತುವಿನ ನಡುವೆ ಕಳಿಸುವಂತಿರಲಿಲ್ಲ. ಕಲಿಯಬೇಕಾದ ವಯಸ್ಸು ಬಹುಪಾಲು ಕಾಯುವುದರಲ್ಲಿ ಕಳೆಯಿತು.

2002ರಲ್ಲಿ ಅವರನ್ನು ಡಲ್ಲಾಸ್‌ಗೆ ವಿನಿಮಯ ಮಾಡಿದರು. 2003ರಲ್ಲಿ ಡಲ್ಲಾಸ್ ಕೈಬಿಟ್ಟಿತು, ಕೊಲಂಬಸ್ ಎತ್ತಿಕೊಂಡಿತು. ವಿನಿಮಯವೆಂದರೆ ಏನೆಂದು ಯೋಚಿಸಿ: ಮಧ್ಯಾಹ್ನ ಒಂದು ಫೋನ್ ಕರೆ, ಮರುದಿನ ಬೇರೆ ಊರು, ಬೇರೆ ಮನೆ. ಒಪ್ಪಿಗೆ ಕೇಳಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಳ್ಳುವಷ್ಟು ಬೆಲೆ ಬಂದವರಿಗೆ ಮಾತ್ರ ಇದರಿಂದ ರಕ್ಷಣೆ.

ಕೊಲಂಬಸ್‌ನಲ್ಲಿ ಮಲ್ಹೋತ್ರಾ ತಮ್ಮ ಕೆಲಸ ಯಾವುದೆಂದು ಕಂಡುಕೊಂಡರು. ಪ್ರತಿ ಬಾರಿ ಆಟ ಶುರುವಾಗುವುದು ಫೇಸ್‌ಆಫ್‌ನಿಂದ: ಪಂದ್ಯದ ಅಧಿಕಾರಿಯೊಬ್ಬ ಪಕ್ ಬಿಡುತ್ತಾನೆ, ಎದುರುಬದುರು ನಿಂತ ಇಬ್ಬರಲ್ಲಿ ಒಬ್ಬನ ಕೋಲಿಗೆ ಅದು ಸಿಗುತ್ತದೆ. ಎದುರಾಳಿಯ ಬಲಿಷ್ಠ ಆಟಗಾರರು ನಿಮ್ಮ ಗೋಲಿನ ಮುಂದೆಯೇ ನಿಂತಿರುವಾಗ ಈ ಕ್ಷಣ ಗೆದ್ದರೆ ಅಪಾಯ ಅಲ್ಲಿಗೇ ಕಳೆಯಿತು. ಮಲ್ಹೋತ್ರಾ ಇದರಲ್ಲಿ ಲೀಗ್‌ನ ಅತ್ಯುತ್ತಮರಲ್ಲಿ ಒಬ್ಬರಾದರು. ಪೆನಾಲ್ಟಿಯಿಂದ ತಂಡಕ್ಕೆ ಒಬ್ಬ ಕಡಿಮೆಯಾದಾಗ ತಡೆಗೋಡೆಯಾಗಿ ನಿಂತರು. ಮರುದಿನದ ಪತ್ರಿಕೆಯಲ್ಲಿ ಹೆಸರು ಬಾರದ ಕೆಲಸವಿದು. 2010ರಲ್ಲಿ ವ್ಯಾಂಕೂವರ್ ಕನಕ್ಸ್ ಇದೇ ಕೆಲಸಕ್ಕಾಗಿ ಮೂರು ವರ್ಷಕ್ಕೆ 75 ಲಕ್ಷ ಡಾಲರ್ ಕೊಟ್ಟು ಕರೆಯಿತು.

2011ರ ಮಾರ್ಚ್ 16ರಂದು ಪಕ್ ಅವರ ಎಡಗಣ್ಣಿಗೆ ಬಡಿಯಿತು. ಮುಖಕ್ಕೆ ವೈಸರ್ (ಕಣ್ಣು ಕಾಯುವ ಪಾರದರ್ಶಕ ಗುರಾಣಿ) ಇರಲಿಲ್ಲ. ಶಸ್ತ್ರಚಿಕಿತ್ಸೆಗಳಾದವು, ದೃಷ್ಟಿಯ ಬಹುಭಾಗ ಮರಳಲಿಲ್ಲ. ಜೂನ್ 4ರಂದು, ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಫೈನಲ್‌ನ ಎರಡನೆಯ ಪಂದ್ಯದಲ್ಲಿ, ಮುಖಪೂರ್ತಿ ರಕ್ಷಣೆ ತೊಟ್ಟು ಅವರು ಮತ್ತೆ ಇಳಿದಾಗ ವ್ಯಾಂಕೂವರ್ ಎದ್ದು ನಿಂತಿತು. ಇಂದಿಗೂ ಆ ದೃಶ್ಯ ನೋಡಿದರೆ ಗಂಟಲು ಕಟ್ಟುತ್ತದೆ. ಎರಡು ಋತುಗಳ ನಂತರ, 2013ರಲ್ಲಿ, ಅವರ ಕ್ಷೇಮಕ್ಕೆ ಹೆದರಿ ತಂಡವೇ ಆಡಿಸುವುದನ್ನು ನಿಲ್ಲಿಸಿತು. ಮಲ್ಹೋತ್ರಾ ಒಪ್ಪಲಿಲ್ಲ. 32 ದಾಟಿದ ಆಟಗಾರ ಕೆಳಗಿನ ಲೀಗ್‌ನ ಶಾರ್ಲಟ್ ಚೆಕರ್ಸ್‌ಗೆ ಹೋಗಿ ಪರೀಕ್ಷಾರ್ಥಿಯಂತೆ ಆಡಿ ತೋರಿಸಿದರು, ಅಲ್ಲಿಂದ ಕ್ಯಾರೊಲೈನಾ ಮೂಲಕ ಎನ್‌ಎಚ್‌ಎಲ್‌ಗೆ ಮರಳಿದರು. ಕೊನೆಯ ಎನ್‌ಎಚ್‌ಎಲ್ ಋತು ಮಾಂಟ್ರಿಯಲ್‌ನಲ್ಲಿ.

ನಿಮ್ಮ ಮಗುವಿನ ವಿಷಯಕ್ಕೆ ಬಂದರೆ, ಇಲ್ಲಿ ಮಕ್ಕಳ ಹಾಕಿಯಲ್ಲಿ ಮುಖಪೂರ್ತಿ ರಕ್ಷಣೆ ಕಡ್ಡಾಯ. ಹದಿಮೂರರೊಳಗಿನವರ ಹಂತದವರೆಗೆ ಮೈಯಿಂದ ಗುದ್ದಿ ಕೆಡವುವ ಬಾಡಿ ಚೆಕಿಂಗ್‌ಗೆ ಅವಕಾಶವಿಲ್ಲ. ತಲೆಗೆ ಪೆಟ್ಟು ಬಿದ್ದರೆ ವೈದ್ಯರು ಹೇಳುವವರೆಗೆ ಆಡಿಸಬೇಡಿ. ಮಗು ಎಷ್ಟು ಅತ್ತರೂ ಆಡಿಸಬೇಡಿ.

ಹಣದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. 2025-26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳ 7,75,000 ಅಮೆರಿಕನ್ ಡಾಲರ್. ಆದರೆ ಹೊಸಬರ ಒಪ್ಪಂದ ಹೆಚ್ಚಾಗಿ ಎರಡು ದರದ್ದು. ಮೇಲಿನ ಲೀಗ್‌ನಲ್ಲಿದ್ದ ದಿನಗಳಿಗೆ ಮಾತ್ರ ಆ ದರ, ಕೆಳಗಿನ ಲೀಗ್‌ಗೆ ಇಳಿದ ದಿನದಿಂದ ಅದರ ಸಣ್ಣ ಪಾಲು. ಡ್ರಾಫ್ಟ್ ಆದವರಲ್ಲಿಯೂ ಅನೇಕರು ಒಂದೂ ಎನ್‌ಎಚ್‌ಎಲ್ ಪಂದ್ಯ ಆಡದೆ ಮುಗಿಸುತ್ತಾರೆ. ಡ್ರಾಫ್ಟ್ ತಪ್ಪಿದರೂ ದಾರಿ ಮುಚ್ಚುವುದಿಲ್ಲ. ವ್ಯಾಂಕೂವರ್ ಬಳಿಯ ಸರ್ರೆಯ ಅರ್ಷದೀಪ್ ಬೈನ್ಸ್ ಅವರನ್ನು ಯಾರೂ ಆರಿಸಲಿಲ್ಲ. 2021-22ರಲ್ಲಿ ಪಶ್ಚಿಮದ ಜೂನಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಋತುವಿನಲ್ಲಿಯೇ ಕನಕ್ಸ್ ಕರೆದು ಒಪ್ಪಂದ ಕೊಟ್ಟಿತು, 2024ರಲ್ಲಿ ಎನ್‌ಎಚ್‌ಎಲ್‌ಗೆ ಕಾಲಿಟ್ಟರು. ನಮ್ಮವರ ಆಟವಲ್ಲ ಎನ್ನುವವರು ಇನ್ನೂ ಹಿಂದಕ್ಕೆ, 1989ಕ್ಕೆ ನೋಡಲಿ. ಭಾರತೀಯ ಮೂಲದ ರಾಬಿನ್ ಬಾವಾ ಆಗಲೇ ವಾಷಿಂಗ್ಟನ್ ಪರ ಎನ್‌ಎಚ್‌ಎಲ್‌ನಲ್ಲಿ ಆಡಿದ್ದರು.

ಆಟ ನಿಂತ ಮೇಲೆ ಮಲ್ಹೋತ್ರಾ ತರಬೇತಿಗೆ ಇಳಿದರು. ವ್ಯಾಂಕೂವರ್‌ನಲ್ಲಿ, ನಂತರ ಟೊರೊಂಟೊದಲ್ಲಿ ಸಹಾಯಕರಾಗಿ, 2024ರಲ್ಲಿ ವ್ಯಾಂಕೂವರ್‌ನ ಕೆಳಗಿನ ಲೀಗ್ ತಂಡವಾದ ಆಬಟ್ಸ್‌ಫರ್ಡ್ ಕನಕ್ಸ್‌ಗೆ ಮುಖ್ಯ ತರಬೇತುದಾರರಾಗಿ. ಮರುವರ್ಷವೇ ತಂಡ ಅಮೆರಿಕನ್ ಹಾಕಿ ಲೀಗ್‌ನ ಕ್ಯಾಲ್ಡರ್ ಕಪ್ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ಶಾರ್ಲಟ್ ಚೆಕರ್ಸ್, ಗೆದ್ದ ತಂಡದಲ್ಲಿ ಬೈನ್ಸ್ ಇದ್ದರು.

ಮುಂದಿನ ಋತುವಿನ ಹೌಸ್ ಲೀಗ್ ನೋಂದಣಿ ಹೆಚ್ಚಿನ ಕಡೆ ವಸಂತದಲ್ಲಿಯೇ ತೆರೆಯುತ್ತದೆ. ಸೆಪ್ಟೆಂಬರ್‌ವರೆಗೆ ಕಾದರೆ ಜಾಗ ಸಿಗದೆ ಹೋಗಬಹುದು. ಅದಕ್ಕೂ ಮೊದಲು ನಗರಸಭೆಯ ರಿಂಕ್‌ನಲ್ಲಿ ಸ್ಕೇಟಿಂಗ್ ಕಲಿಸಿ. ಒಂದು ಶುಕ್ರವಾರ ಸಂಜೆ ಇಡೀ ಮನೆಯವರು ಗ್ವೆಲ್ಫ್‌ಗೆ ಹೋಗಿ ಜೂನಿಯರ್ ಪಂದ್ಯ ನೋಡಿ ಬನ್ನಿ. ಟೊರೊಂಟೊದ ಎನ್‌ಎಚ್‌ಎಲ್ ತಂಡ ಲೀಫ್ಸ್‌ನ ಪಂದ್ಯದ ಟಿಕೆಟ್‌ಗಿಂತ ಎಷ್ಟೋ ಅಗ್ಗ, ಗಾಜಿನ ಹತ್ತಿರವೇ ಕೂರಬಹುದು. ಅಲ್ಲಿ ಆಡುವ ಹುಡುಗರು ಹದಿನಾರರಿಂದ ಇಪ್ಪತ್ತರವರೆಗಿನವರು. ಅವರನ್ನು ನೋಡಿದ ಮೇಲೆ ಮಗುವಿನೊಂದಿಗೆ ಕುಳಿತು ಮಾತನಾಡಿ.